ತೆರೆದಿಟ್ಟ ಬಾನೆಟ್

ಗುಡುಗುಡು ಸದ್ದು ಮೊದಲು ಮಂಚದ ಕಾಲಿಗೆ ಬಂತು, ಆಮೇಲೆ ಎದೆಗೆ, ಕೊನೆಗೆ ಕಿವಿಗೆ. ಬೆಳಗಿನ ನಮಾಜು ಮುಗಿಸಿ ಅಂಗಳದ ಮಂಚದ ಮೇಲೆ ಕಣ್ಣು ಮುಚ್ಚಿ ಕೂತಿದ್ದ ಬಾಷಾ ಸಾಬ್ ಒಂದು ಬೆರಳು ಮಡಿಸಿದರು. ಸ್ವಲ್ಪ ಹೊತ್ತಿಗೆ ಅಂಥದ್ದೇ ಇನ್ನೊಂದು. ಮತ್ತೊಂದು ಬೆರಳು. ಆಮೇಲೆ ಹೆದ್ದಾರಿ ಸುಮ್ಮನಾಯಿತು.

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಬೆಂಗಳೂರಿನ ಉಳ್ಳವರು ತಮ್ಮ ವೇಗದ ಕಾರುಗಳನ್ನು ಹೊರಗೆ ತೆಗೆದು ಚಿತ್ರದುರ್ಗದ ಕಡೆ ಓಡಿಸಿಕೊಂಡು ಹೋಗುತ್ತಾರೆ. ಶಿರಾ ಬೈಪಾಸಿನ ಮಗ್ಗುಲಲ್ಲೇ ಬಾಷಾ ಸಾಬರ ಗ್ಯಾರೇಜು, ಗ್ಯಾರೇಜಿನ ಬೆನ್ನಿಗೆ ಮನೆ. ಕೂತಲ್ಲೇ ಕೂತು, ಹೋದದ್ದು ಯಾವ ದೇಶದ ಗಾಡಿ, ಎಷ್ಟು ಸಿಲಿಂಡರಿನದ್ದು, ಯಾವುದಕ್ಕೆ ಕಾಯಿಲೆ ಶುರುವಾಗಿದೆ ಎಂದು ಹೇಳುವುದು ಅವರ ಭಾನುವಾರದ ಆಟ.

"ಇವತ್ತು ಎರಡೇ. ಎರಡೂ ಅಮೆರಿಕಾದ್ದು" ಎಂದರು, ಚಹಾ ತಂದ ಮಗಳಿಗೆ.

ಉಮ್ಮೆ ಹಾನಿ ಊರಿನ ಉರ್ದು ಶಾಲೆಯಲ್ಲಿ ಟೀಚರು. ಮಕ್ಕಳ ತಪ್ಪು ತಿದ್ದುವ ದನಿಯಲ್ಲೇ ಹೇಳಿದಳು. "ಎರಡೆಲ್ಲಿ ಅಬ್ಬಾ? ಆರು ಹೋದವಲ್ಲ. ಆ ನಾಲ್ಕು ಕಿರುಚ್ಕೊಂಡು ಹೋದದ್ದಕ್ಕೆ ನನ್ ಕಿವಿ ಹರಿದೋಯ್ತು."

"ಬೈಕು ಇರ್ಬೇಕು ಬಿಡು."

"ಬೈಕಿಗೂ ಕಾರಿಗೂ ವ್ಯತ್ಯಾಸ ಗೊತ್ತಾಗ್ದೆ ಇರೋಕೆ ನಾನು ಯಾರ ಮಗಳು?"

ಬಾಷಾ ಸಾಬ್ ನಕ್ಕು ಚಹಾ ಕುಡಿದರು. ಮಾತು ಅಲ್ಲಿಗೆ ಮುಗಿಯಿತು.

ಶಿರಾದಲ್ಲಿ ಅವರನ್ನು ಮೆಕ್ಯಾನಿಕ್ ಎಂದು ಕರೆಯುವವರು ಕಡಿಮೆ. 'ಕಿವಿ ಸಾಬ್ರು' ಎಂದರೆ ಪಾವಗಡದವರೆಗೂ ಗೊತ್ತು. ಅವರ ತಂದೆ ಎತ್ತುಗಳಿಗೆ ಲಾಳ ಹೊಡೆಯುತ್ತಿದ್ದವರು. ಸಂತೆಯ ದಿನ ದಾರಿ ಪಕ್ಕ ಕೂತು, ಹಾದು ಹೋಗುವ ಎತ್ತಿನ ಹೆಜ್ಜೆಯ ಸದ್ದಿನಲ್ಲೇ ಯಾವ ಕಾಲಿನ ಲಾಳ ಸಡಿಲಾಗಿದೆ ಎಂದು ಕೂಗಿ ಹೇಳುತ್ತಿದ್ದರು. ಎತ್ತುಗಳು ಕಡಿಮೆಯಾದವು. ಹದಿನೇಳರ ಬಾಷಾ ಬೆಂಗಳೂರಿನ ಶಿವಾಜಿನಗರಕ್ಕೆ ಹೋಗಿ, ರೇಸಿಗೆ ಕಾರು ಸಿದ್ಧ ಮಾಡುವ ಒಂದು ಗ್ಯಾರೇಜು ಸೇರಿದ. ಸೈಲೆನ್ಸರ್ ಕಳಚಿದ ಎಂಜಿನ್ನುಗಳ ಪಕ್ಕದಲ್ಲಿ ಆರು ವರ್ಷ ನಿಂತ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಯ ಎಲುಬಿಗೆ ಒತ್ತಿ, ಒಳಗಿನ ಒಂದೊಂದೇ ತುಣುಕಿನ ಉಸಿರು ಕೇಳುವುದನ್ನು ಅಲ್ಲಿಯೇ ಕಲಿತದ್ದು.

ಊರಿಗೆ ಮರಳಿದ ಮೇಲೆ ಹಳೇ ಗಾಡಿ ಕೊಳ್ಳುವವರೆಲ್ಲ ಅವರನ್ನು ಜೊತೆಗೆ ಕರೆದುಕೊಂಡು ಹೋಗತೊಡಗಿದರು. ಶುರುವಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದರು. ಒಂದು ಸಲ ತಾವರೆಕೆರೆಯ ಗೆಳೆಯನೊಬ್ಬನ ಜೀಪನ್ನು ಕೊಳ್ಳುವವನ ಎದುರಿಗೇ "ಇದರ ಆಯಸ್ಸು ಮುಗಿದೈತೆ" ಎಂದುಬಿಟ್ಟರು. ಆ ಗೆಳೆಯ ಆಮೇಲೆ ಅವರ ಮುಖ ನೋಡಲಿಲ್ಲ. ಮಗನ ಮದುವೆಗೆ ಶಿರಾದ ಬೀದಿ ಬೀದಿಗೂ ಪತ್ರಿಕೆ ಹಂಚಿದವನು ಇವರ ಬಾಗಿಲು ದಾಟಿಕೊಂಡು ಹೋದ. ಮಾರುವವನೂ ಕೊಳ್ಳುವವನೂ ನಾಳೆ ಒಂದೇ ಹೋಟೆಲಿನಲ್ಲಿ ಟೀ ಕುಡಿಯಬೇಕಾದ ಊರುಗಳಿವು. ಹಾಗಾಗಿ ಬಾಷಾ ಸಾಬ್ ಒಂದು ಕ್ರಮ ಮಾಡಿಕೊಂಡರು. ಬಾಯಲ್ಲಿ ಎಲ್ಲ ಗಾಡಿಯನ್ನೂ ಹೊಗಳುತ್ತಾರೆ. ಎಂಜಿನ್ ಚೆನ್ನಾಗಿದ್ದರೆ ಬಾನೆಟ್ಟನ್ನು ತಮ್ಮ ಕೈಯಾರೆ ಮುಚ್ಚುತ್ತಾರೆ. ಚೆನ್ನಾಗಿಲ್ಲದಿದ್ದರೆ ತೆರೆದೇ ಬಿಟ್ಟು, ಒಂದು ಲೋಟ ಟೀ ಕೇಳುತ್ತಾರೆ. ಇದು ಎಲ್ಲರಿಗೂ ಗೊತ್ತಿದ್ದ ಗುಟ್ಟು. ಗೊತ್ತಿದ್ದರೂ ಯಾರೂ ಆಡುವ ಹಾಗಿಲ್ಲವಾದ್ದರಿಂದ ಯಾರ ಮುಖವೂ ಕೆಡುತ್ತಿರಲಿಲ್ಲ. ಅವರು ತೆರೆದು ಬಿಟ್ಟ ಗಾಡಿಯನ್ನು ಮಾತ್ರ ಈ ನಾಲ್ಕು ತಾಲ್ಲೂಕಿನಲ್ಲಿ ಮತ್ತೆ ಯಾರೂ ಕೊಳ್ಳುತ್ತಿರಲಿಲ್ಲ.

ನಲವತ್ತು ವರ್ಷ ಇದು ನಡೆಯಿತು. ಮುಚ್ಚುವುದು ಅಥವಾ ತೆರೆದಿಡುವುದು. 'ನನಗೆ ತಿಳಿಯಲಿಲ್ಲ' ಎಂಬುದಕ್ಕೆ ಅವರ ಬಳಿ ಗುರುತೇ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ.

ಅದೇ ಭಾನುವಾರ ಒಂಬತ್ತು ಗಂಟೆಗೆ ಪಾವಗಡದ ಕಡೆಯ ರಾಯಚರ್ಲಿನಿಂದ ಅಂಜನ್ ಕುಮಾರ್ ಬಂದ. ಇಪ್ಪತ್ತೇಳರ ಹುಡುಗ. ಮನೆಯ ಹೊಲ ಸೋಲಾರ್ ಪಾರ್ಕಿಗೆ ಹೋಗಿದೆ, ವರ್ಷಕ್ಕೊಮ್ಮೆ ಬಾಡಿಗೆ ಬರುತ್ತದೆ. ಅವನು ಪಾರ್ಕಿನೊಳಗೇ ಮೇಲ್ವಿಚಾರಕ. ಗಾಜಿನ ಹಲಗೆಗಳ ಸಾಲಿನ ನಡುವೆ ಅಲ್ಲಿ ಮೈಲುಗಟ್ಟಲೆ ನೇರ ರಸ್ತೆ, ಎದುರಿಗೆ ಒಂದು ಎಮ್ಮೆ ಕೂಡ ಬರುವುದಿಲ್ಲ. ಆ ರಸ್ತೆ ನೋಡಿ ನೋಡಿಯೇ ಅವನಿಗೆ ವೇಗದ ಹುಚ್ಚು ಹತ್ತಿದ್ದು. ಎರಡು ಹಳೇ ಗಾಡಿ ಹುಡುಕಿಟ್ಟಿದ್ದ. ಮಧುಗಿರಿಯಲ್ಲಿ ಒಂದು ಜರ್ಮನಿಯದು, ಕೊರಟಗೆರೆಯಲ್ಲಿ ಒಂದು ಅಮೆರಿಕಾದ್ದು.

"ಯಾವ್ದು ತಗಳ್ಳಿ ಸಾಬ್ರೇ? ನಿದ್ದೆ ಬಂದಿಲ್ಲ ನಂಗೆ ಒಂದ್ ವಾರದಿಂದ" ಎಂದ, ಮಧುಗಿರಿ ದಾರಿಯಲ್ಲಿ.

"ಮದ್ವೆಗೆ ಹೆಣ್ಣು ನೋಡ್ದಾಗ್ಲೂ ಇಷ್ಟು ನಿದ್ದೆ ಕೆಟ್ಟಿರಲ್ಲ ನೀನು."

"ಹೆಣ್ಣು ಎಲ್ಲಿ ಸಾಬ್ರೇ. ನಮ್ಮವ್ವ ದಾಸಮ್ಮ ಏನಂತಾಳೆ ಗೊತ್ತಾ? ಮೊದ್ಲು ಗಾಡಿ ತಗಾ, ಅದ್ನ ನೋಡಿ ಹೆಣ್ಣು ಕೊಡೋನು ಓಡೋಯ್ತಾನೆ, ನಂಗೂ ಸೊಸೆ ಕಾಟ ತಪ್ತದೆ ಅಂತಾಳೆ."

ಬಾಷಾ ಸಾಬ್ ಜೋರಾಗಿ ನಕ್ಕರು. ಆಮೇಲೆ ಹೇಳಿದರು. "ನೋಡು ಮಗಾ, ಜರ್ಮನಿ ಗಾಡಿ ಒಳ್ಳೆ ಮೇಷ್ಟ್ರು ಇದ್ದಂಗೆ. ನೀನು ಒಂದು ತಪ್ಪು ಮಾಡು, ಅಲ್ಲೇ ಹೇಳ್ತದೆ. ತಿರುವಿನಲ್ಲಿ ಗಾರೆ ಹಾಕ್ದಂಗೆ ರಸ್ತೆಗೆ ಅಂಟ್ಕೊಂಡಿರ್ತದೆ. ಆದ್ರೆ ಹೊತ್ತೊತ್ತಿಗೆ ಆಯಿಲು, ಬೇಕಾದ್ದೇ ಸಾಮಾನು, ಒಂದು ಕಡಿಮೆಯಾದ್ರೂ ಮುನಿಸ್ಕೊಳ್ತದೆ. ಅಮೆರಿಕಾದ್ದು ದೊಡ್ಡ ಮನೆ ನೆಂಟ ಇದ್ದಂಗೆ. ಏನ್ ಹಾಕಿದ್ರೂ ತಿಂತದೆ, ಏನ್ ಮಾಡಿದ್ರೂ ನಗ್ತದೆ, ನೇರ ರಸ್ತೇಲಿ ಬೆನ್ನು ತಟ್ಟಿ ಕಳಿಸ್ತದೆ. ತಿರುವಿನಲ್ಲಿ ಮಾತ್ರ ಯಾವತ್ತು ಕೈ ಬಿಡ್ತದೋ ಹೇಳಕ್ಕಾಗಲ್ಲ."

"ಅಂಗಾದ್ರೆ ಮೇಷ್ಟ್ರೇ ವಾಸಿ?"

"ಮಧುಗಿರಿ ಗಾಡಿ ನನ್ ಕೈಲೇ ಆರು ವರ್ಷ ಬೆಳೆದದ್ದು ಕಣಪ್ಪ. ಅದಕ್ಕಿಂತ ವಾಸಿ ನಿಂಗೆ ಸಿಗಲ್ಲ. ಆದ್ರೂ ಎಂಜಿನ್ ಕೇಳ್ದೆ ಹೇಳಬಾರದು."

ಅದು ಪ್ರಭುದೇವ್ ಅವರ ಗಾಡಿ. ವಿದ್ಯುತ್ ಉಪಕೇಂದ್ರದಲ್ಲಿ ಎಂಜಿನಿಯರ್ ಆಗಿದ್ದವರು. ಬೇರೆ ಯಾವ ಚಟವೂ ಇಲ್ಲದ ಮನುಷ್ಯ. ಪ್ರತಿ ತಿಂಗಳ ಮೊದಲ ಭಾನುವಾರ ಗಾಡಿ ತಂದು ಗ್ಯಾರೇಜಿನಲ್ಲಿ ನಿಲ್ಲಿಸಿ, ಶರ್ಟು ಬಿಚ್ಚಿ ಬನಿಯನ್ನಿನಲ್ಲಿ ಬಾಷಾ ಸಾಬರ ಜೊತೆ ಬಗ್ಗಿ ನಿಲ್ಲುತ್ತಿದ್ದರು. ಎರಡು ವರ್ಷದ ಹಿಂದೆ ಆಫೀಸಿನಲ್ಲೇ ಎದೆ ಹಿಡಿದುಕೊಂಡು ಕುಸಿದವರು ಮತ್ತೆ ಏಳಲಿಲ್ಲ. ಹೆಂಡತಿ ವನಜಾಕ್ಷಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು.

ಮಧುಗಿರಿಯ ಬೆಟ್ಟದ ನೆರಳು ಅಂಗಳದ ಅರ್ಧಕ್ಕೆ ಬಿದ್ದಿತ್ತು. ವನಜಾಕ್ಷಿ ಗಾಡಿಯ ಹೊದಿಕೆ ಎಳೆದು ಮಡಚತೊಡಗಿದರು.

"ದಿನಾ ಬೆಳಿಗ್ಗೆ ಐದು ನಿಮಿಷ ಸ್ಟಾರ್ಟ್ ಮಾಡ್ತೀನಿ ಸಾಬ್ರೇ, ನೀವು ಹೇಳಿದ ಹಾಗೆ. ಇನ್ನು ಆಗಲ್ಲ ನನ್ ಕೈಲಿ. ಆ ಸದ್ದು ಕೇಳಿದ ಕೂಡಲೇ ಅವರು ಆಫೀಸಿಗೆ ಹೊರಟ್ರು ಅನ್ಸತ್ತೆ. ಡಬ್ಬಿಗೆ ಅನ್ನ ಹಾಕಕ್ಕೆ ಕೈ ಹೋಗತ್ತೆ." ಅಂಜನ್ ಕಡೆ ತಿರುಗಿದರು. "ಇಬ್ಬರು ಮೂವರು ಕೇಳಿದಾರೆ. ನಂಗೆ ಓಡಿಸೋರು ಬೇಕು, ನಿಲ್ಲಿಸಿ ಇಟ್ಕೊಳ್ಳೋರಲ್ಲ. ಅವರು ಪ್ರಾಣ ಬಿಡ್ತಿದ್ದ ಗಾಡಿ. ನೀವು ಓಡಿಸ್ತೀರಾ?"

"ಹಗ್ಲೂ ರಾತ್ರಿ ಓಡಿಸ್ತೀನಿ ಮೇಡಂ" ಎಂದ ಅಂಜನ್. ಬಾನೆಟ್ ಎತ್ತುವ ಮೊದಲೇ ಗಾಡಿ ಅವನ ಮನಸ್ಸಿಗೆ ಸೇರಿಬಿಟ್ಟಿತ್ತು.

ಎಂಜಿನ್ ಶುರುವಾಯಿತು. ಬಾಷಾ ಸಾಬ್ ಸ್ಕ್ರೂಡ್ರೈವರ್ ಊರಿ, ಹಿಡಿಯನ್ನು ಬಲಗಿವಿಯ ಹಿಂದೆ ಒತ್ತಿ ಕಣ್ಣು ಮುಚ್ಚಿದರು. ಈ ಎಂಜಿನ್ನಿನೊಳಗೆ ತಂತಿ ಮೀಟಿದ ಹಾಗೆ ಒಂದು ಸಣ್ಣ ದನಿ ಸದಾ ಓಡುತ್ತಿರುತ್ತದೆ. ಪ್ರಭುದೇವರಿಗೂ ಅದನ್ನು ಕೇಳಿಸಿ ಕೊಟ್ಟಿದ್ದರು. ಈಗ ಆ ದನಿ ಇರಲಿಲ್ಲ. ಅದು ಇರಬೇಕಾದ ಜಾಗ ಖಾಲಿಯಾಗಿತ್ತು. ಆ ಖಾಲಿಯ ತಳದಲ್ಲಿ, ಮುಚ್ಚಿದ ಕೋಣೆಯೊಳಗಿಂದ ಯಾರೋ ಬಾಗಿಲು ತಟ್ಟಿದ ಹಾಗೆ ದಬ್ ದಬ್ ಎಂಬ ಒಂದು ಬಡಿತ. ಆರು ವರ್ಷದಲ್ಲಿ ಅದನ್ನು ಅವರು ಕೇಳಿರಲಿಲ್ಲ.

ಸ್ಕ್ರೂಡ್ರೈವರ್ ಸರಿಸಿ ಇನ್ನೊಂದು ಕಡೆ ಇಟ್ಟರು. ಅಲ್ಲಿಯೂ ಅದೇ. ನಿಂತಲ್ಲೇ ನಿಂತ ಗಾಡಿ, ಐದು ನಿಮಿಷದ ಓಟಕ್ಕೆ ಆಯಿಲು ಮೇಲೇರದೆ ಬೇರಿಂಗ್ ತಿಂದುಹಾಕಿರಬೇಕು ಎಂದುಕೊಂಡರು. ಇದನ್ನು ಹುಡುಗ ಆ ಉದ್ದನೆಯ ರಸ್ತೆಯಲ್ಲಿ ಇನ್ನೂರರ ವೇಗಕ್ಕೆ ಎಳೆದರೆ ಎಂಜಿನ್ ಕಚ್ಚಿಕೊಂಡು ಗಾಡಿ ಗಿರಕಿ ಹೊಡೆಯುತ್ತದೆ. ಗೆಳೆಯನ ಗಾಡಿ, ತಾನೇ ಸಾಕಿದ ಗಾಡಿ ಎಂಬುದು ಅವರ ಮನಸ್ಸಿಗೆ ಬಾರದೆ ಇರಲಿಲ್ಲ. ಬಂದದ್ದಕ್ಕೇ ಅವರು ಇನ್ನಷ್ಟು ಗಟ್ಟಿಯಾದರು. ತನ್ನದು ಎಂದು ಮುಚ್ಚಿಬಿಟ್ಟರೆ ನಲವತ್ತು ವರ್ಷಕ್ಕೆ ಏನು ಬೆಲೆ?

ಕೈ ಒರೆಸಿಕೊಂಡು ಎರಡು ಹೆಜ್ಜೆ ಹಿಂದೆ ಬಂದರು.

"ಗಾಡಿ ಚೆನ್ನಾಗೈತೆ ಕಣಮ್ಮ. ಭಾಳ ಚೆನ್ನಾಗಿಟ್ಕೊಂಡಿದೀರ. ಒಂದು ಲೋಟ ಟೀ ಕೊಡ್ತೀರಾ?"

ವನಜಾಕ್ಷಿ ತೆರೆದ ಬಾನೆಟ್ಟಿನ ಕಡೆ ನೋಡಿದರು. ಇವರ ಮುಖ ನೋಡಿದರು. ಮತ್ತೆ ಬಾನೆಟ್ಟು. ಪ್ರಭುದೇವರ ಜೊತೆ ಇಪ್ಪತ್ತು ವರ್ಷ ಬಾಳಿದವರಿಗೆ ಬಾಷಾ ಸಾಬರ ಕ್ರಮ ಗೊತ್ತಿಲ್ಲದೆ ಇರಲಿಲ್ಲ. ಮಡಚಿದ ಹೊದಿಕೆಯನ್ನು ಎದೆಗೆ ಅವುಚಿಕೊಂಡೇ ಒಳಗೆ ಹೋಗಿ, ಟೀ ಮಾಡಿ ತಂದರು. ಟೀಗೆ ಸಕ್ಕರೆ ಹಾಕುವುದನ್ನು ಅವರು ಮರೆತಿದ್ದರು.

ಕೊರಟಗೆರೆಯ ಅಮೆರಿಕನ್ ಗಾಡಿ ಒಂದು ಕಲ್ಯಾಣ ಮಂಟಪದ ಮುಂದೆ ನಿಂತಿತ್ತು. ಕೆಂಪು ಬಣ್ಣ, ಹೋರಿಯ ಹೆಗಲಿನಂಥ ಬಾನೆಟ್ಟು. ಮಂಟಪದ ಮಾಲೀಕ ಗಂಗಹನುಮಯ್ಯ ಅದನ್ನು ಮದುಮಕ್ಕಳ ಮೆರವಣಿಗೆಗೆ ಬಿಡುತ್ತಿದ್ದ. ಗಾಳಿ ಬರುವ ಕಿಂಡಿಯಲ್ಲಿ ಅಕ್ಷತೆ ಕಾಳು, ಸೀಟಿನ ಸಂದಿಯಲ್ಲಿ ಬಾಡಿದ ಸೇವಂತಿಗೆ ಎಸಳು.

"ಬ್ಯಾಂಡ್‌ಸೆಟ್ಟಿನವರ ಹಿಂದೆ ನಡೆದದ್ದೇ ಇದರ ಓಟ" ಎಂದ ಗಂಗಹನುಮಯ್ಯ. "ಇದ್ರಾಗೆ ಕೂತೋರು ನೂರಾ ಎಂಟು ಜೋಡಿ. ಮೂರೇ ಜೋಡಿ ಕೋರ್ಟಿಗೆ ಹೋಗಿರೋದು. ಗ್ಯಾರಂಟಿ ಗಾಡಿ."

ಎಂಜಿನ್ ಶುರುವಾದಾಗ ಆ ಗುಡುಗುಡು ಸದ್ದು ಬಾಷಾ ಸಾಬರ ಅಂಗಾಲಿನಿಂದ ಹತ್ತಿತು. ಸ್ಕ್ರೂಡ್ರೈವರ್ ಊರಿದರು. ತುಂಬಿದ ದನಿ, ಮೊದಲಿಂದ ಕೊನೆಯವರೆಗೆ ಒಂದೇ ಸಮ. ಬಡಿತ ಏನಾದರೂ ಇದ್ದರೂ ಆ ಗುಡುಗಿನೊಳಗೆ ಮುಳುಗಿತ್ತು. ಬೆಳಗಿನಿಂದ ಮನಸ್ಸಿನಲ್ಲಿದ್ದ ಏನೋ ಒಂದು ಕಸಿವಿಸಿ ಕಳೆದು ಅವರಿಗೆ ಹಾಯೆನಿಸಿತು. ಎರಡು ಕೈಯಲ್ಲೂ ಒತ್ತಿ ಬಾನೆಟ್ ಮುಚ್ಚಿದರು.

ಅಂಜನ್ ಅಲ್ಲೇ ಮುಂಗಡ ಕೊಟ್ಟ. ಕೊಡುವಾಗ ಮಾತ್ರ ಒಂದು ಸಲ ಮಧುಗಿರಿಯ ಕಡೆ ತಿರುಗಿ ನೋಡಿದ.

ಮುಂದಿನ ಭಾನುವಾರ ಉಮ್ಮೆ ಹಾನಿ ಚಹಾ ಕೊಟ್ಟು ಒಳಗೆ ಹೋಗಲಿಲ್ಲ. ಅಪ್ಪನ ಪಕ್ಕದಲ್ಲೇ ಮಂಚದ ಮೇಲೆ ಕೂತಳು. ಹೆದ್ದಾರಿಯಲ್ಲಿ ಗಾಡಿಗಳು ಹೋದವು. ಬಾಷಾ ಸಾಬ್ ಮೂರು ಬೆರಳು ಮಡಿಸಿದರು. ಮಗಳು ಎಂಟು ಮಡಿಸಿದ್ದಳು.

ಅವಳು ಫೋನು ತೆಗೆದಳು. ಕಿವಿ ಪರೀಕ್ಷೆ ಮಾಡುವ ಏನನ್ನೋ ಅದರಲ್ಲಿ ಹಾಕಿಕೊಂಡು ಬಂದಿದ್ದಳು. "ಸದ್ದು ಬಂದಾಗ ಕೈ ಎತ್ತಿ ಅಬ್ಬಾ. ಆಟ ಅಂದ್ಕೊಳ್ಳಿ."

ಮೊದಲು ಹಡಗಿನ ಸೈರನ್ನಿನಂಥ ದಪ್ಪ ಸದ್ದು. ಕೈ ಎತ್ತಿದರು. ಅದಕ್ಕಿಂತ ಸಣ್ಣದು. ಎತ್ತಿದರು. ಇನ್ನೂ ಸಣ್ಣದು ದೂರದಿಂದ ಬಂದ ಹಾಗಿತ್ತು, ಅನುಮಾನಿಸಿ ಎತ್ತಿದರು. ಆಮೇಲೆ ಏನೂ ಇಲ್ಲ.

"ಶುರು ಮಾಡು" ಎಂದರು.

ಮಗಳ ಬೆರಳು ಫೋನಿನ ಮೇಲೇ ಇತ್ತು. ಅವರ ಕಾಲ ಬಳಿ ಸುರುಳಿ ಸುತ್ತಿ ಮಲಗಿದ್ದ ಬೆಕ್ಕು ತಟ್ಟನೆ ತಲೆ ಎತ್ತಿತು. ಕಿವಿ ನಿಮಿರಿಸಿ ಫೋನಿನ ಕಡೆ ನೋಡಿತು, ಮಂಚದಿಂದ ಹಾರಿ ಓಡಿತು. ಬಾಷಾ ಸಾಬ್ ಬೆಕ್ಕು ಹೋದ ದಿಕ್ಕನ್ನೇ ನೋಡುತ್ತ ಕೂತರು.

"ಎಷ್ಟು ದಿನದಿಂದ ಬೇಟಾ?"

"ನಂಗೆ ಹೆಂಗೆ ಗೊತ್ತಾಗ್ಬೇಕು ಅಬ್ಬಾ. ಡಾಕ್ಟ್ರನ್ನ ಕೇಳ್ದೆ, ವಯಸ್ಸಿನದು ಅಂತಾರೆ. ಆ ರೇಸಿನ ಎಂಜಿನ್ನುಗಳ ಹತ್ರ ನಿಂತದ್ದೂ ಸೇರಿರತ್ತೆ. ತುಮಕೂರಿಗೆ ಹೋಗೋಣ, ಮಷೀನು ಹಾಕಿಸೋಣ."

ಹೆಂಡತಿ ಅಮೀರುನ್ನೀಸಾ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಕೊನೆಯ ತಿಂಗಳು ಅವಳ ದನಿ ದಾರದಷ್ಟು ಸಣ್ಣಗಾಗಿತ್ತು. ಗೋಡೆಯ ಕಡೆ ಮುಖ ಮಾಡಿ ಮಲಗಿ ಏನೋ ತುಟಿ ಅಲ್ಲಾಡಿಸುತ್ತಿದ್ದಳು, ದುವಾ ಓದುತ್ತಿದ್ದಾಳೆ ಎಂದು ಬಾಷಾ ಸಾಬ್ ಸುಮ್ಮನೆ ಪಕ್ಕದಲ್ಲಿ ಕೂತಿರುತ್ತಿದ್ದರು. ಅದು ದುವಾ ಆಗಿತ್ತೇ, ಅಥವಾ ಅವರನ್ನು ಕರೆಯುತ್ತಿದ್ದಳೇ? ಈ ಪ್ರಶ್ನೆಯನ್ನು ಮಗಳ ಎದುರು ಬಾಯಿಗೆ ತರಲಿಲ್ಲ.

ಎದ್ದು ಗ್ಯಾರೇಜಿಗೆ ಹೋದರು. ಹಾರ್ನ್ ಹಾಕಿಸಲೆಂದು ಯಾರೋ ಬಿಟ್ಟು ಹೋದ ಹೊಸ ಕಾರು ನಿಂತಿತ್ತು. ಷೋರೂಮಿನಿಂದ ಬಂದು ಒಂದು ತಿಂಗಳಾಗಿರಲಿಲ್ಲ, ಸೀಟಿನ ಪ್ಲಾಸ್ಟಿಕ್ಕನ್ನೂ ತೆಗೆದಿರಲಿಲ್ಲ. ಸ್ಟಾರ್ಟ್ ಮಾಡಿ ಸ್ಕ್ರೂಡ್ರೈವರ್ ಊರಿದರು. ಖಾಲಿ. ಆ ಖಾಲಿಯ ತಳದಲ್ಲಿ ಮಧುಗಿರಿಯಲ್ಲಿ ಕೇಳಿದ್ದ ಅದೇ ದಬ್ ದಬ್.

ಬಡಿತ ಎಲ್ಲ ಎಂಜಿನ್ನಿನಲ್ಲೂ ಇರುತ್ತದೆ. ಇಷ್ಟು ವರ್ಷ ಮೇಲಿನ ಸಣ್ಣ ದನಿಗಳು ಅದರ ಮೇಲೆ ಹೊದ್ದುಕೊಂಡಿದ್ದವು. ಹೊದಿಕೆ ಹರಿದುಹೋದದ್ದು ಇವರ ಕಿವಿಯಲ್ಲಿ. ತಪ್ಪು ಹೊರಿಸಿದ್ದು ಪ್ರಭುದೇವರ ಗಾಡಿಯ ಮೇಲೆ.

ಗಾಡಿಯ ಬಾಗಿಲಿಗೆ ಒರಗಿಕೊಂಡರು. ಎಂಜಿನ್ ಆರಿಸುವುದನ್ನೂ ಮರೆತಿದ್ದರು. ಉಮ್ಮೆ ಹಾನಿ ಬಂದು ಕೀ ತಿರುಗಿಸಿದಳು.

ಸೋಮವಾರ ಬೆಳಿಗ್ಗೆ ಕೆಂಪು ಗಾಡಿ ಗ್ಯಾರೇಜಿನ ಮುಂದೆ ಗುಡುಗುತ್ತ ಬಂದು ನಿಂತಿತು. ಅಂಜನ್ ಕೈಯಲ್ಲಿ ಸಿಹಿಯ ಡಬ್ಬ. "ಕಾಗದ ಎಲ್ಲಾ ಆಗೋಯ್ತು ಸಾಬ್ರೇ! ಮೊದ್ಲು ನಿಮ್ಗೆ ತೋರಿಸ್ಬೇಕು ಅಂತ ಬಂದ್ಬುಟ್ಟೆ."

"ಸಿಹಿ ಆಮೇಲೆ. ನನ್ನ ಮಧುಗಿರಿಗೆ ಕರ್ಕೊಂಡು ಹೋಗು" ಎಂದು ಬಾಷಾ ಸಾಬ್ ಬಾಗಿಲು ತೆಗೆದು ಕೂತರು.

ಬೈಪಾಸು ದಾಟಿದ್ದೇ ಅಂಜನ್ ಗಾಡಿಯನ್ನು ನೂರಾ ನಲವತ್ತಕ್ಕೆ ಏರಿಸಿದ. ಹುಣಸೆ ಮರಗಳು ಒಂದಕ್ಕೊಂದು ಅಂಟಿಕೊಂಡ ಹಾಗೆ ಹಿಂದೆ ಹೋದವು.

"ಹೆಂಗೈತೆ?" ಎಂದು ಕೂಗಿದ.

"ಅಂಜನ್, ನಂಗೆ ಕಿವಿ ಹೋಗೈತೆ."

"ಆಂ?"

"ಕಿವಿ ಹೋಗೈತೆ ಕಣಪ್ಪ. ಸಣ್ಣ ಸದ್ದು ಯಾವ್ದೂ ಕೇಳಲ್ಲ. ಮಧುಗಿರಿ ಗಾಡಿ ಚೆನ್ನಾಗಿತ್ತು. ನಂಗೆ ಕೇಳಿಸ್ಲಿಲ್ಲ ಅಷ್ಟೇ."

ಅಂಜನ್ ಜೋರಾಗಿ ಹಚ್ಚಿದ್ದ ಹಾಡು ಆರಿಸಿದ. "ಅಂಗಾದ್ರೆ ಇದ್ನ ಯಾಕ್ ಮುಚ್ಚಿದ್ರಿ?"

"ಇದು ಕೇಳಿಸ್ತು. ಅದಕ್ಕೆ. ದಪ್ಪ ದನಿ ಅಲ್ವಾ. ಇದರೊಳಗೆ ಸಣ್ಣಗೆ ಏನಾದ್ರೂ ಹಾಳಾಗಿದ್ರೆ ನಂಗೆ ಗೊತ್ತಾಗಿರಲ್ಲ. ಬೆಂಗಳೂರಿಗೆ ತಗೊಂಡೋಗಿ ಬೇರೆಯವರಿಗೆ ತೋರ್ಸು. ಅಲ್ಲಿವರ್ಗೂ ಜೋರು ಬೇಡ."

ಹುಡುಗ ಬೈಯುತ್ತಾನೆಂದು ಕಾದರು. ಬೈಯಲಿಲ್ಲ. ಅವನ ಬಲಗಾಲು ಮಾತ್ರ ನಿಧಾನಕ್ಕೆ ಮೇಲೆ ಬಂತು. ನೂರಾಯಿತು, ಎಂಬತ್ತಾಯಿತು, ಅರವತ್ತಾಯಿತು. ಹಾಲಿನ ಕ್ಯಾನು ಕಟ್ಟಿಕೊಂಡ ಮೊಪೆಡ್ಡಿನವನೊಬ್ಬ ಆ ಕೆಂಪು ಗಾಡಿಯನ್ನು ಹಿಂದೆ ಹಾಕಿ, ತಿರುಗಿ ತಿರುಗಿ ನೋಡುತ್ತ ಹೋದ. ಮಧುಗಿರಿಯವರೆಗೂ ಅಂಜನ್ ಅರವತ್ತು ದಾಟಲಿಲ್ಲ.

ಊರು ಹತ್ತಿರವಾದಾಗ ಕೇಳಿದ. "ಮೇಡಂಗೆ ಏನಂತೀರಿ?"

"ಇದ್ದದ್ದು ಹೇಳ್ತೀನಿ. ಅವರ ಎದುರಿಗೇ ಮುಚ್ಚಿ ಬರ್ತೀನಿ. ಊರಿಗೆಲ್ಲ ಗೊತ್ತಾಗ್ಲಿ."

"ಆಮೇಲೆ ನಿಮ್ನ ಯಾರ್ ಕರೀತಾರೆ ಸಾಬ್ರೇ?"

ಬಾಷಾ ಸಾಬ್ ವನಜಾಕ್ಷಿಯವರ ಬೀದಿಯ ಕಡೆ ಕೈ ತೋರಿಸಿದರು.

ಅಂಗಳದಲ್ಲಿ ಗಾಡಿ ಇರಲಿಲ್ಲ. ನಾಲ್ಕು ಚಕ್ರ ಇದ್ದ ಜಾಗದಲ್ಲಿ ನಾಲ್ಕು ಬಿಳಿ ಗುರುತು, ನಡುವೆ ಒಣಗಿದ ಎಲೆ. ಅಂಜನ್ ಗೇಟಿನ ಹೊರಗೇ ಉಳಿದ. ವನಜಾಕ್ಷಿ ಶಾಲೆಗೆ ಹೊರಟವರು ಬ್ಯಾಗು ಕೆಳಗಿಟ್ಟು ಕುರ್ಚಿ ಎಳೆದರು.

"ಶನಿವಾರ ಬಂದಿದ್ರು ಸಾಬ್ರೇ, ಬಿಚ್ಚಿ ಮಾರೋರು. ನೀವು ಬಂದು ಹೋದದ್ದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯ್ತು. ಕೇಳಿದ್ದವರೆಲ್ಲ ಫೋನು ಎತ್ತಲಿಲ್ಲ. ಇನ್ಯಾಕೆ ಇಟ್ಕೊಳ್ಳೋದು ಅಂತ ಕೊಟ್ಟುಬಿಟ್ಟೆ."

"ನಿಲ್ಸಕ್ಕೆ ಹೇಳಿ. ಈಗ್ಲೇ ಫೋನು ಮಾಡಿ."

"ನಿನ್ನೆನೇ ಬಿಚ್ಚಿದಾರೆ." ಫೋನು ತೆಗೆದು ಒಂದು ಚಿತ್ರ ತೋರಿಸಿದರು. ದಾಖಲೆಗೆಂದು ಅವರು ಕಳಿಸಿದ್ದಂತೆ. ಎಣ್ಣೆ ಬಿದ್ದ ನೆಲದ ಮೇಲೆ ಎಂಜಿನ್ನನ್ನು ಎರಡು ಹೋಳು ಮಾಡಿ ಹರಡಿದ್ದರು. ಬಾಷಾ ಸಾಬ್ ಕನ್ನಡಕ ಏರಿಸಿ, ಚಿತ್ರ ಹಿಗ್ಗಿಸಿ ನೋಡಿದರು. ಬೇರಿಂಗುಗಳು ಒಂದು ಗೀರೂ ಇಲ್ಲದೆ ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿದ್ದವು. ಇನ್ನೊಂದು ಲಕ್ಷ ಕಿಲೋಮೀಟರ್ ಓಡುತ್ತಿತ್ತು.

"ನೋಡಿ ಅಮ್ಮಾ, ಇಲ್ಲಿ. ಒಂದು ಗೀರಿಲ್ಲ. ಎಂಜಿನ್ ಚಿನ್ನದಂಗಿತ್ತು. ತಪ್ಪು ನಂದು. ನಂಗೆ ಕಿವಿ ಕೇಳಲ್ಲ. ಮಗಳು ಪರೀಕ್ಷೆ ಮಾಡಿ ತೋರಿಸಿದ್ಲು. ಗಾಡಿ ಚೆನ್ನಾಗಿತ್ತು."

ವನಜಾಕ್ಷಿ ಚಿತ್ರ ನೋಡಲಿಲ್ಲ. ಅವರನ್ನೇ ನೋಡಿದರು. ಆ ನೋಟದಲ್ಲಿ ಸಿಟ್ಟು ಇರಲಿಲ್ಲ, ಇದ್ದಿದ್ದರೆ ವಾಸಿಯಾಗಿತ್ತು.

"ಇದನ್ನ ಹೇಳಕ್ಕೆ ಅಷ್ಟು ದೂರದಿಂದ ಬಂದ್ರಾ? ನಿಮ್ಮದು ದೊಡ್ಡ ಮನಸ್ಸು ಸಾಬ್ರೇ. ನಂಗೆ ನೋವಾಗಿರತ್ತೆ ಅಂತ ನಿಮಗೆ ಗೊತ್ತು."

"ಸಮಾಧಾನಕ್ಕೆ ಹೇಳ್ತಿಲ್ಲ ಕಣಮ್ಮ."

"ನೀವು ಬಾಯಲ್ಲಿ ಯಾವತ್ತು ಯಾವ ಗಾಡೀನ ಕೆಟ್ಟದ್ದು ಅಂದಿದೀರ ಹೇಳಿ? ನಮ್ಮನೆಯವರೇ ಹೇಳ್ತಿದ್ರು. ಬಾಷಾ ಸಾಬ್ರು ಬಾಯಲ್ಲಿ ಹೇಳೋದು ಮರ್ಯಾದೆಗೆ, ಕೈಯಲ್ಲಿ ಹೇಳೋದೇ ಸತ್ಯ ಅಂತ. ಅವತ್ತು ನೀವು ಅದೇ ಬಾಯಲ್ಲಿ, ಗಾಡಿ ಚೆನ್ನಾಗಿದೆ ಅಂದ್ರಿ. ಟೀ ಕೇಳಿದ್ರಿ. ಇವತ್ತೂ ಅದನ್ನೇ ಅಂತಿದೀರ."

ಬಾಷಾ ಸಾಬ್ ಎರಡು ಕೈಗಳನ್ನೂ ಮಂಡಿಯ ಮೇಲೆ ತಿರುವಿ ನೋಡಿಕೊಂಡರು. ಅವಕ್ಕೆ ಈಗ ಮಾಡಲು ಏನೂ ಇರಲಿಲ್ಲ.

"ಅಲ್ಲಾನ ಆಣೆ ಕಣಮ್ಮ."

"ಆಣೆಗೀಣೆ ಬೇಡ ಬಿಡಿ, ದೇವರನ್ನ ಯಾಕೆ ಎಳೀತೀರಾ" ಎಂದು ವನಜಾಕ್ಷಿ ಮೃದುವಾಗಿ ನಕ್ಕರು. ಆ ಮೆಲುದನಿಯ ಅರ್ಧ ಬಾಷಾ ಸಾಬರಿಗೆ ಕೇಳಿಸಿತು, ಅರ್ಧವನ್ನು ತುಟಿಯಲ್ಲಿ ಓದಿಕೊಂಡರು. "ನಂಗೆ ಗಾಡಿ ಹೋದದ್ದಕ್ಕೆ ಬೇಜಾರಿಲ್ಲ. ಆದ್ರೆ ನಮ್ಮನೆಯವರು ಹೀಗೆ ಮಾಡಿದ್ರಲ್ಲ ಅಂತ. ಪ್ರತಿ ತಿಂಗಳು ನಿಮ್ಮ ಹತ್ರ ತರ್ತಿದ್ರು, ಏನೂ ತೊಂದ್ರೆ ಇಲ್ಲ ವನಜಾ, ಕಣ್ಣು ಮುಚ್ಚಿ ಕೂತ್ಕೋ ಅಂತಿದ್ರು. ದಿನಾ ಸ್ಟಾರ್ಟ್ ಮಾಡಿದ ಗಾಡಿ ಎರಡು ವರ್ಷಕ್ಕೇ ಕೆಡತ್ತಾ? ಆಗಲೇ ಒಳಗೆ ಅಷ್ಟು ಕೆಟ್ಟಿದ್ದು ಅವರಿಗೆ ಗೊತ್ತಾಗದೇ ಇರತ್ತಾ? ಗೊತ್ತಿದ್ದೂ ನನ್ನ, ಮಗಳನ್ನ ಕೂರಿಸ್ಕೊಂಡು ಆಗುಂಬೆ ಘಾಟಿ ಇಳಿಸಿದ್ರು. ಇಪ್ಪತ್ತು ವರ್ಷದಲ್ಲಿ ಒಂದು ಸುಳ್ಳು ಹೇಳಿಲ್ಲ ಅಂದ್ಕೊಂಡಿದ್ದೆ. ನಿನ್ನೆ ಕೂತು ಒಂದೊಂದೇ ಮಾತು ನೆನಪು ಮಾಡ್ಕೊಂಡೆ. ಇನ್ನು ಯಾವುದು ಯಾವುದು ಸುಳ್ಳಿತ್ತೋ ಅಂತ."

"ಒಂದು ಸುಳ್ಳೂ ಹೇಳಿಲ್ಲ ಆ ಮನುಷ್ಯ."

"ಸ್ನೇಹಿತರನ್ನ ನೀವು ಬಿಟ್ಟುಕೊಡಲ್ಲ, ಅದು ನಂಗೆ ಗೊತ್ತು." ಅವರು ಎದ್ದು ಅಡುಗೆಮನೆಯ ಕಡೆ ತಿರುಗಿ, ಬಾಗಿಲಲ್ಲೇ ನಿಂತು ಮಾತು ಮುಂದುವರಿಸಿದರು. "ಸ್ವಲ್ಪ ಟೀ ಕುಡಿದು ಹೋಗಿ. ಸಾಬ್ರೇ, ನೀವು ಒಬ್ಬರಾದ್ರೂ ಅವತ್ತು ಸತ್ಯ ತೋರಿಸಿದ್ರಲ್ಲ, ಅದಕ್ಕೆ ನಿಮಗೆ ಕೈ ಮುಗೀಬೇಕು. ಮಗಳಿಗೆ ಮಾತ್ರ ಇನ್ನೂ ಹೇಳಿಲ್ಲ. ಅಪ್ಪ ಅಂದ್ರೆ ಅವಳಿಗೆ..."

ಬಾಷಾ ಸಾಬ್ ಎದ್ದರು. ಮಾತು ಇನ್ನೂ ನಡೆಯುತ್ತಿತ್ತು. ಮೆಟ್ಟಿಲಿಳಿದು ಚಪ್ಪಲಿ ಹುಡುಕಿ ಹಾಕಿಕೊಂಡರು. ಬೆನ್ನ ಹಿಂದೆ ವನಜಾಕ್ಷಿ ಮತ್ತೇನೋ ಕೇಳಿದರು. ಅವರು ತಿರುಗಲಿಲ್ಲ. ಗೇಟು ದಾಟಿದರು. ಅಂಜನ್ ತೆಗೆದು ಹಿಡಿದಿದ್ದ ಕೆಂಪು ಗಾಡಿಯ ಬಾಗಿಲನ್ನೂ ದಾಟಿ, ಬಿಸಿಲೇರುತ್ತಿದ್ದ ರಸ್ತೆಯಲ್ಲಿ ಬಸ್ ಸ್ಟ್ಯಾಂಡಿನ ಕಡೆ ನಡೆದರು.